ಶೀತದ ಮಾತ್ರೆ ಮತ್ತು ಹದಿನೇಳು ಚುಕ್ಕಿ

ಜೂನ್ 18ರ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸ್ಕೂಟರ್ ನಿಲ್ಲಿಸಿ ಕೆಳಗಿಳಿದಾಗ, ಹ್ಯಾಂಡಲ್ ಕೆಳಗಿನ ಕೊಂಡಿಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ನೇತಾಡುತ್ತಿತ್ತು. ಬೇರಿನ ಮಣ್ಣು ಇನ್ನೂ ಹಸಿಯಾಗಿತ್ತು. ಅದನ್ನು ಯಾರಿಂದ ಕೊಂಡೆ, ಕೊಳ್ಳಲು ಗಾಡಿ ಎಲ್ಲಿ ನಿಲ್ಲಿಸಿದೆ, ಒಂದೂ ನನಗೆ ನೆನಪಿರಲಿಲ್ಲ.

ಭದ್ರಾವತಿಯ ನಮ್ಮ ಮನೆಯಿಂದ ಹೊರಟದ್ದು ಮೂರು ಗಂಟೆಗೆ. ಮಾಚೇನಹಳ್ಳಿಯ ಹತ್ತಿರ ಒಂದು ಲಾರಿಯ ಹಿಂದೆ ನಿಧಾನ ಮಾಡಿದ್ದು ನೆನಪಿದೆ. ಅದಾದ ಮೇಲೆ ನೆನಪಿರುವುದು ತುಂಗಾ ಸೇತುವೆ, ಕೆಳಗೆ ಹರಿಯುವ ಕೆಂಪು ನೀರು. ನಡುವೆ ಏಳೆಂಟು ಕಿಲೋಮೀಟರ್ ರಸ್ತೆ ಇದೆ, ಸಿಗ್ನಲ್ ಇದೆ, ಶಾಲೆ ಬಿಡುವ ಹೊತ್ತಿನ ಮಕ್ಕಳಿದ್ದಾರೆ. ಅಷ್ಟೂ ನನ್ನೊಳಗೆ ಇರಲಿಲ್ಲ. ಮೊದಲು ನೋಡಿದ್ದು ಗಾಡಿಯ ಮುಂದಿನ ಚಕ್ರವನ್ನು. ಆಮೇಲೆ ಕೈಗಡಿಯಾರವನ್ನು.

ನಾನು ವಿಮಾನದಲ್ಲಿ ಕ್ಯಾಬಿನ್ ಸಿಬ್ಬಂದಿ. ಮರುದಿನ, ಅಂದರೆ 19ರ ಸಂಜೆ ಐದೂ ಹತ್ತಕ್ಕೆ, ಬೆಂಗಳೂರಿನಲ್ಲಿ ಡ್ಯೂಟಿಗೆ ಹಾಜರಾಗಬೇಕಿತ್ತು. ಇನ್ನು ಉಳಿದಿದ್ದು ಇಪ್ಪತ್ತೈದು ಗಂಟೆ ಇಪ್ಪತ್ತೈದು ನಿಮಿಷ.

ನಮ್ಮ ಬೀದಿಯಲ್ಲಿ ನನ್ನನ್ನು ಗಗನಸಖಿ ಎನ್ನುತ್ತಾರೆ, ಸ್ವಲ್ಪ ನಗುತ್ತಲೇ. ಎದುರುಮನೆ ಅತ್ತೆಯಂತೂ, ಹಗಲು ಹನ್ನೊಂದಕ್ಕೆ ನಾನು ಮಲಗಿದ್ದು ಕಂಡಾಗಲೆಲ್ಲ ಕಿಟಕಿಯಿಂದಲೇ ಕೇಳುತ್ತಾರೆ: "ಕಾಫಿ ಕೊಡೋ ಕೆಲ್ಸಕ್ಕೆ ಎಂಥ ನಿದ್ದೆ ಮಾರಾಯ್ತಿ? ನಾನು ದಿನಾ ಹನ್ನೆರಡು ಲೋಟ ಕೊಡ್ತೀನಿ, ನಂಗ್ಯಾರೂ ಮಲಗು ಅನ್ನಲ್ಲ." ಅಮ್ಮನೂ ಸೇರಿಕೊಂಡು ನಗುತ್ತಾಳೆ. ತರಬೇತಿಯಲ್ಲಿ ನಮಗೆ ಕಾಫಿ ಕೊಡುವುದನ್ನು ಕಲಿಸಿದ್ದು ಅರ್ಧ ದಿನ. ಉಳಿದ ವಾರಗಳೆಲ್ಲ ಬೆಂಕಿ, ಹೊಗೆ, ನೀರು ಮತ್ತು ಬಾಗಿಲು. ತೊಂಬತ್ತು ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕು. ಹಿಂಬದಿಯ ಎಡಗಡೆ ಬಾಗಿಲು ಬಹುತೇಕ ನನ್ನ ಪಾಲಿಗೆ ಬರುತ್ತದೆ.

ಕೆಲಸಕ್ಕೆ ಸೇರಿದ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಕ್ಕೆ ಒಂದು ಸಾಲು, ಸಾಲಿಗೆ ಆರು ಮನೆ: ತಾರೀಖು, ಹಾಜರಿಯ ಹೊತ್ತು, ಮಲಗಿದ್ದು, ನಿದ್ದೆ ಹತ್ತಿದ್ದು, ಎಚ್ಚರವಾದದ್ದು, ಒಟ್ಟು. ತಿಂಗಳ ಕೊನೆಗೆ ಕೂಡಿಸುತ್ತೇನೆ. ಫೆಬ್ರುವರಿಯಲ್ಲಿ ಐದು ಗಂಟೆಗಿಂತ ಕಡಿಮೆ ನಿದ್ದೆಯ ದಿನಗಳು ಹದಿಮೂರು. ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಹಾಜರಿ, ಮೂರು ದಿನ ಬಿಟ್ಟು ಸಂಜೆ ಐದಕ್ಕೆ. ದೇಹಕ್ಕೆ ಯಾವುದು ಹಗಲು ಎಂದು ತಿಳಿಯುವುದಿಲ್ಲ. ಕಣ್ಣು ಮುಚ್ಚಿದರೆ ಕಿವಿ ಎಚ್ಚರ, ಕಿವಿ ಮಲಗಿದರೆ ಕಾಲು ಎಚ್ಚರ.

ಮಾರ್ಚ್ 3ರ ಸಾಲಿನ ತುದಿಯಲ್ಲಿ ಮೊದಲ ಚುಕ್ಕಿ ಇದೆ. ಅಂದು ನಾನು ರಜೆಗೆ ಮನೆಗೆ ಬಂದಿದ್ದೆ, ಮೂಗು ಕಟ್ಟಿತ್ತು. ಶೀತ ಇಟ್ಟುಕೊಂಡು ಹಾರಿದರೆ ವಿಮಾನ ಇಳಿಯುವಾಗ ಕಿವಿಯೊಳಗೆ ದಬ್ಬಳ ಚುಚ್ಚಿದ ಹಾಗಾಗುತ್ತದೆ. ಹಾರದಿದ್ದರೆ 'ಅನ್‌ಫಿಟ್' ಎಂದು ಫೋನ್ ಮಾಡಬೇಕು. ಆ ಹೊತ್ತಿಗಾಗಲೇ ನಾಲ್ಕು ಸಲ ಮಾಡಿದ್ದೆ, ಐದನೆಯದು ಏಪ್ರಿಲಿನಲ್ಲಿ ಆಯಿತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೀಗೇ ಆದರೆ ಕಾಯಂ ಮಾಡುವಾಗ ಯೋಚಿಸಬೇಕಾಗುತ್ತದೆ ಎಂದು ಮೇಲಿನವರಿಂದ ಒಂದು ಮೇಲ್ ಬಂದಿತ್ತು, ಬಹಳ ಮರ್ಯಾದೆಯ ಭಾಷೆಯಲ್ಲಿ.

ಅಮ್ಮ ಬಿಸ್ಕತ್ತಿನ ತಗಡಿನ ಡಬ್ಬ ತೆಗೆದಳು. ನಮ್ಮ ಮನೆಯ ಔಷಧಿಯೆಲ್ಲ ಅದರಲ್ಲೇ. ಮೆಡಿಕಲ್ ಶಾಪಿನವರು ಕತ್ತರಿಯಿಂದ ಕತ್ತರಿಸಿಕೊಟ್ಟ ಎರಡು, ನಾಲ್ಕು ಮಾತ್ರೆಯ ತುಂಡುಗಳು, ಪುಟ್ಟ ಪೇಪರ್ ಕವರುಗಳು. ಹೆಸರು ಯಾವುದರ ಮೇಲೂ ಇರುವುದಿಲ್ಲ. ಹೆಸರಿರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಅಮ್ಮನಿಗೆ ಹೆಸರು ಬೇಕಾಗಿಯೂ ಇರಲಿಲ್ಲ. "ಜ್ವರದ್ದು ದೊಡ್ಡ ಬಿಳಿ. ಹೊಟ್ಟೇದು ಗುಲಾಬಿ. ನಿಮ್ಮಪ್ಪನ ಅಲರ್ಜಿದು ಸಣ್ಣ ಬಿಳಿ, ಅದೇ ಶೀತಕ್ಕೂ ಆಗುತ್ತೆ. ತಗೋ, ಏನೂ ಆಗಲ್ಲ, ನಾನು ನಿಂಗೆ ವಿಷ ಕೊಡ್ತೀನಾ?"

ಅಪ್ಪ ಭದ್ರಾವತಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕ್ರೇನ್ ಓಡಿಸುತ್ತಾರೆ. ಅಲ್ಲಿಯ ಧೂಳಿಗೆ ಅವರಿಗೆ ವರ್ಷವಿಡೀ ಸೀನು. ಹಾಗಾಗಿ ಸಣ್ಣ ಬಿಳಿ ಮಾತ್ರೆ ನಮ್ಮ ಮನೆಯಲ್ಲಿ ಉಪ್ಪಿನಷ್ಟೇ ಮಾಮೂಲು.

ನಾನು ಒಂದು ನುಂಗಿದೆ. ಮೂಗು ಬಿಟ್ಟಿತು. ಅದಕ್ಕಿಂತ ದೊಡ್ಡದೆಂದರೆ, ಆ ದಿನದ 'ಒಟ್ಟು' ಮನೆಯಲ್ಲಿ ಆರೂವರೆ ಎಂದು ಬರೆದೆ.

ಆಮೇಲೆ ಶೀತ ಇಲ್ಲದ ದಿನವೂ ಶೀತದ ಮಾತ್ರೆ ತೆಗೆದುಕೊಳ್ಳತೊಡಗಿದೆ. ಬೆಂಗಳೂರಿಗೆ ಹೋಗುವಾಗ ನಾಲ್ಕೈದು ಮಾತ್ರೆಯ ತುಂಡು ಪರ್ಸಿನಲ್ಲಿ ಹಾಕಿಕೊಳ್ಳುತ್ತಿದ್ದೆ. ತೆಗೆದುಕೊಂಡ ದಿನ ಸಾಲಿನ ತುದಿಯಲ್ಲಿ ಪೆನ್ನಿನಿಂದ ಒಂದು ಚುಕ್ಕಿ. ಎಚ್ಚರವಾದದ್ದು 2.42 ಎಂದು ನಿಮಿಷ ಬಿಡದೆ ಬರೆಯುವ ನಾನು ಅದಕ್ಕೆ ಒಂದು ಮನೆ ಕೊಡಲಿಲ್ಲ, ಒಂದು ಅಕ್ಷರ ಬರೆಯಲಿಲ್ಲ. ಬರೆದರೆ ಅದು ಔಷಧಿಯಾಗುತ್ತಿತ್ತು. ಡ್ಯೂಟಿಗೆ ಮುಂಚೆ ಯಾವ ಔಷಧಿ ತೆಗೆದುಕೊಂಡರೂ, ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವುದಾದರೂ, ಕಂಪನಿಯ ಡಾಕ್ಟರಿಗೆ ಹೇಳಬೇಕು ಎಂದು ನಮಗೆ ಮೊದಲ ವಾರವೇ ಕಲಿಸಿದ್ದರು. ಚುಕ್ಕಿಯನ್ನು ಯಾರಿಗೂ ಹೇಳಬೇಕಾಗಿಲ್ಲ.

ಮೇ 22ರ ಸಾಲು ಆ ತಿಂಗಳ ಅತ್ಯುತ್ತಮ ಸಾಲು. ನಿದ್ದೆ ಏಳು ಗಂಟೆ ಹತ್ತು ನಿಮಿಷ. ತುದಿಯಲ್ಲಿ ಚುಕ್ಕಿ.

ಅಂದು ಏನಾಯಿತು ಎಂಬುದನ್ನು ನಾನು ಆ ಸಾಲಿನಲ್ಲಿ ಬರೆದಿಲ್ಲ. ವಿಮಾನದ ಬಾಗಿಲಿಗೆ ಒಂದು ಹಿಡಿ ಇರುತ್ತದೆ. ಹೊರಡುವ ಮುನ್ನ ಅದನ್ನು ಒಂದು ಕಡೆಗೆ ಹಾಕುತ್ತೇವೆ. ಹಾಗೆ ಹಾಕಿದ ಮೇಲೆ ಬಾಗಿಲು ತೆಗೆದರೆ, ಜನ ಜಾರಿ ಇಳಿಯಲೆಂದು ಮಡಿಸಿಟ್ಟ ಜಾರುಬಂಡೆ ಗಾಳಿ ತುಂಬಿಕೊಂಡು ತಾನಾಗಿ ಹೊರಚಿಮ್ಮುತ್ತದೆ. ವಿಮಾನ ಇಳಿದು ನಿಂತ ಮೇಲೆ ಹಿಡಿಯನ್ನು ಮತ್ತೆ ಹಿಂದಕ್ಕೆ ಹಾಕಿ, ಎದುರು ಬಾಗಿಲಿನವರದ್ದನ್ನು ನಾವು, ನಮ್ಮದನ್ನು ಅವರು ನೋಡಬೇಕು. ಆ ದಿನ ನಾನು "ನೋಡಿದೆ" ಎಂದು ಹೇಳಿದೆ. ನೋಡಿರಲಿಲ್ಲ, ನನ್ನ ಹಿಡಿಯನ್ನು ಹಿಂದಕ್ಕೂ ಹಾಕಿರಲಿಲ್ಲ. ಹೊರಗೆ ಏಣಿ ಬಂದು ನಿಂತಿತು, ಯಾರೋ ಬಾಗಿಲು ತಟ್ಟಿದರು, ನಾನು ತೆಗೆಯಲು ಕೈ ಹಾಕಿದೆ. ಎದುರಿದ್ದ ಸಹೋದ್ಯೋಗಿ ನನ್ನ ಕೈ ಮೇಲೆ ಕೈಯಿಟ್ಟು ಹಿಡಿಯನ್ನು ಹಿಂದಕ್ಕೆ ಹಾಕಿದಳು. "ಏನೇ, ನಿಂತಲ್ಲೇ ನಿದ್ದೆ ಮಾಡ್ತಿದ್ದೀಯಾ?" ಎಂದು ನಕ್ಕಳು. ನಾನೂ ನಕ್ಕೆ. ಬಾಗಿಲು ತೆರೆದಾಗ ಹೊರಗೆ ಏಣಿಯ ಮೇಲೆ ಹಳದಿ ಕೋಟಿನ ಒಬ್ಬ ಹುಡುಗ ನಿಂತಿದ್ದ, ಬಾಗಿಲಿನಿಂದ ಒಂದು ಮೊಳ ದೂರದಲ್ಲಿ. ನನಗೆ ಗುಡ್ ಮಾರ್ನಿಂಗ್ ಹೇಳಿದ.

ಮೊದಲು ಅದನ್ನು ದಣಿವು ಎಂದುಕೊಂಡೆ. ಏಳು ಗಂಟೆ ನಿದ್ದೆ ಮಾಡಿದವಳಿಗೆ ಎಂಥ ದಣಿವು ಎಂದು ಕೇಳಿಕೊಳ್ಳಲಿಲ್ಲ. ಅಂಕಿ ಚೆನ್ನಾಗಿದ್ದರೆ ನಾನು ಪ್ರಶ್ನೆ ಕೇಳುವವಳಲ್ಲ.

ಜೂನ್ 18ಕ್ಕೆ ಬರುತ್ತೇನೆ. ನಾಲ್ಕು ರಾತ್ರಿ ಸತತ ಡ್ಯೂಟಿ ಮುಗಿಸಿ ಹಿಂದಿನ ದಿನ ಮನೆಗೆ ಬಂದಿದ್ದೆ. ನಿದ್ದೆ ಹತ್ತಿರ ಸುಳಿಯಲಿಲ್ಲ. ಬೆಳಗ್ಗೆ ಆರೂವರೆಗೆ ಅಪ್ಪ ಮೂರನೇ ಪಾಳಿ ಮುಗಿಸಿ ಬಂದು ಮಲಗಿದರು. ಒಂಬತ್ತೂವರೆಗೆ ನಾನು ಡಬ್ಬ ತೆಗೆದು, 'ಅಲರ್ಜಿ, ರಾತ್ರಿ 1' ಎಂದು ಬರೆದಿದ್ದ ಕವರನ್ನು ಪೂರ್ತಿಯಾಗಿ ಎತ್ತಿಕೊಂಡೆ. ಒಂದು ಮಾತ್ರೆ ನುಂಗಿದೆ. ಹತ್ತು ನಿಮಿಷ ಕಾದೆ. ಒಂದಕ್ಕೆ ಈಚೆಗೆ ನಿದ್ದೆ ಬಗ್ಗುತ್ತಿಲ್ಲ ಎನಿಸಿ ಇನ್ನೊಂದು ನುಂಗಿದೆ. ಎರಡೂ ನಲವತ್ತಕ್ಕೆ ಅಮ್ಮ ಅಲುಗಾಡಿಸಿ ಎಬ್ಬಿಸಿದಳು. ಫಾಲ್ಸ್ ಹಾಕಲು ಗಾಂಧಿ ಬಜಾರಿನಲ್ಲಿ ಕೊಟ್ಟಿದ್ದ ಸೀರೆ ತರಬೇಕಿತ್ತು. ನಾಲಗೆ ದಪ್ಪವಾದ ಹಾಗಿತ್ತು. ಮುಖ ತೊಳೆದು ಹೊರಟೆ.

ಅದೇ ಕೊತ್ತಂಬರಿ ಸೊಪ್ಪಿನ ಎದುರು ನಿಂತು, ಪರ್ಸಿನಿಂದ ಆ ಕವರು ತೆಗೆದೆ. ಮೇಲೆ ಅಂಗಡಿಯ ನೇರಳೆ ಸೀಲಿತ್ತು. ಅಂಗಡಿ ಅದೇ ಬೀದಿಯಲ್ಲಿ, ಬಟ್ಟೆ ಅಂಗಡಿಗಳ ಸಾಲಿನ ಕೊನೆಗೆ. ಅಮ್ಮ ಬಜಾರಿಗೆ ಬಂದಾಗಲೆಲ್ಲ ಅಲ್ಲೇ ಔಷಧಿ ಕೊಳ್ಳುವುದು. ಸೀರೆ ಮರೆತು, ಸೊಪ್ಪನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ನಡೆದೆ. ನಡೆಯುವಾಗ ಹೆಜ್ಜೆ ಎಣಿಸಿದೆ, ತಲೆ ಸರಿಯಿದೆಯೇ ಎಂದು ನೋಡಲು. ಐವತ್ತೆರಡಕ್ಕೆ ತಪ್ಪಿತು.

ಕೌಂಟರಿನ ಹಿಂದಿದ್ದ ಹಿರಿಯರಿಗೆ ಚಿಕ್ಕಂದಿನಿಂದ ನನ್ನ ಪರಿಚಯ. "ಓಹೋ, ಗಗನಸಖಿ ನೆಲದ ಮೇಲೆ! ಏನಮ್ಮಾ?"

"ಇದು ಯಾವ ಮಾತ್ರೆ ಅಂಕಲ್? ಹೆಸರು ಬೇಕಿತ್ತು."

ಅವರು ಕವರಿನೊಳಗಿನ ತುಂಡನ್ನು ತೆಗೆದು ಟ್ಯೂಬ್‌ಲೈಟಿಗೆ ಹಿಡಿದರು. ನಾಲ್ಕು ಗುಳಿ, ಎರಡು ಖಾಲಿ. ಕನ್ನಡಕ ಮೇಲೇರಿಸಿ ಮತ್ತೆ ನೋಡಿದರು. ನಗು ಹೋಗಿತ್ತು.

"ಕವರು ನಮ್ದು. ಮಾತ್ರೇನೂ ನಮ್ಮಲ್ಲಿಂದೇ ಹೋಗಿರೋದು. ಆದ್ರೆ ಈ ಮಾತ್ರೆ ಈ ಕವರಿಂದಲ್ಲ. ಹೆಸರಿರೋ ತುದಿ ಎಲ್ಲಿ?"

"ನೀವೇ ಕತ್ತರಿಸಿ ಕೊಡೋದಲ್ವಾ?"

"ಶೀತದ್ದು, ಜ್ವರದ್ದು ಕತ್ತರಿಸ್ತೀನಮ್ಮ. ಇದನ್ನ ಕತ್ತರಿಸಲ್ಲ. ಡಾಕ್ಟ್ರು ಚೀಟಿ ನೋಡಿ, ಪುಸ್ತಕದಲ್ಲಿ ಬರೆದು, ಹತ್ತರ ಪಟ್ಟಿ ಪೂರ್ತಿ ಕೊಡೋದು. ಹೆಸರನ್ನ ಯಾರೋ ಮನೇಲಿ ಕತ್ತರಿಸಿ ತೆಗೆದಿದಾರೆ."

ಅವರು ಕಪಾಟಿನ ಕೆಳಗಿಂದ ಒಂದು ಉದ್ದನೆಯ ರಿಜಿಸ್ಟರ್ ಎಳೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ನಿಮ್ಮ ತಂದೆ ಹೇಳಿಲ್ವಾ?" ಎಂದವರು ತಕ್ಷಣ ನಾಲಗೆ ಕಚ್ಚಿಕೊಂಡರು. ಆದರೆ ನಾನು ತಲೆಕೆಳಗಾಗಿ ಕಾಣುವ ಸಾಲನ್ನೂ ಓದಬಲ್ಲೆ. ಏಪ್ರಿಲ್ 11. ಮೇ 9. ಜೂನ್ 6. ಮೂರೂ ಕಡೆ ಅಪ್ಪನ ಹೆಸರು.

ಅದು ನಿದ್ದೆಯ ಮಾತ್ರೆ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಯಾರೂ ಇದನ್ನು ಓದಿ ಅಂಗಡಿಯಲ್ಲಿ ಕೇಳಬಾರದು.

"ಎಷ್ಟು ತಗೊಂಡ್ರಿ?"

"ಎರಡು. ಬೆಳಗ್ಗೆ."

"ಗಾಡಿ ಬಿಟ್ಕೊಂಡು ಬಂದ್ರಾ?" ಕೈ ಚಾಚಿದರು. "ಕೀ ಕೊಡಿ ಇಲ್ಲಿ. ಕೊಡಿ ಅಂದೆ. ಈ ಸ್ಟೂಲ್ ಮೇಲೆ ಕೂತ್ಕೊಳಿ, ಮನೆಯಿಂದ ಯಾರನ್ನಾದ್ರೂ ಕರೆಸಿ."

ಕೀ ಕೊಟ್ಟೆ. ಹಾಗಾದರೆ ಮಾರ್ಚಿನಲ್ಲಿ ತೆಗೆದುಕೊಂಡದ್ದು ಬರೀ ಶೀತದ ಮಾತ್ರೆ, ಅದು ಪರವಾಗಿಲ್ಲ ಅಲ್ಲವೇ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. "ಅದೂ ಮಂಪರು ತರ್ಸುತ್ತಮ್ಮಾ! ತಗೊಂಡು ಗಾಡಿ ಓಡಿಸ್ಬೇಡಿ, ಮೆಷಿನ್ ಮುಟ್ಟಬೇಡಿ ಅಂತ ಅದ್ರ ಪೆಟ್ಟಿಗೇಲೇ ಬರೆದಿರ್ತಾರೆ. ಯಾರು ಓದ್ತಾರೆ?" ಕತ್ತರಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ನಾವು ಎರಡೆರಡು ಕತ್ತರಿಸಿ ಕೊಟ್ರೆ ನೀವಾದ್ರೂ ಎಲ್ಲಿ ಓದ್ತೀರಿ."

ಅಪ್ಪನಿಗೆ ಫೋನ್ ಮಾಡಿದೆ. ಎದ್ದು ಕಾಫಿ ಕುಡಿಯುತ್ತಿದ್ದರು. ಗಾಡಿ ಓಡಿಸಲು ಆಗುತ್ತಿಲ್ಲ, ಬನ್ನಿ ಎಂದೆ. ಯಾಕೆ ಎಂದು ಕೇಳದೆ ಬಸ್ಸು ಹತ್ತಿದರು.

ಅವರು ಬರುವವರೆಗೆ ಕೊತ್ತಂಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ ತೆಗೆದೆ. ಚುಕ್ಕಿಗಳನ್ನು ಮೊದಲ ಸಲ ಎಣಿಸಿದೆ. ಇವತ್ತಿನದ್ದೂ ಸೇರಿ ಹದಿನೇಳು. ಏಪ್ರಿಲ್ 11ಕ್ಕೆ ಮುಂಚೆ ಆರು. ಆಮೇಲೆ ಹನ್ನೊಂದು. ಆ ಹನ್ನೊಂದರಲ್ಲಿ ಯಾವುದು ಅಲರ್ಜಿಯದ್ದು, ಯಾವುದು ಅಪ್ಪನದ್ದು ಎಂದು ಹೇಳುವ ದಾರಿಯೇ ಇರಲಿಲ್ಲ. ಎರಡೂ ಸಣ್ಣದು, ಎರಡೂ ಬಿಳಿ. ಇಷ್ಟು ದಿನ ನಿಮಿಷ ನಿಮಿಷ ಬರೆದಿಟ್ಟವಳ ಬಳಿ ಬೇಕಾದ ಒಂದೇ ವಿಷಯ ಇರಲಿಲ್ಲ. ಹನ್ನೊಂದರಲ್ಲಿ ಒಂಬತ್ತು ದಿನ ನಾನು ಮರುದಿನವೇ ಹಾರಿದ್ದೆ. ಒಂಬತ್ತು ಸಲ ಮೊಬೈಲಿನಲ್ಲಿ 'ನಾನು ಡ್ಯೂಟಿಗೆ ಯೋಗ್ಯಳಾಗಿದ್ದೇನೆ' ಎಂಬಲ್ಲಿ ಒತ್ತಿದ್ದೆ. ಮೇ 22ರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದೆ.

ನಮ್ಮಲ್ಲಿ ಯಾವಾಗ ಬೇಕಾದರೂ ಮೂತ್ರ ಪರೀಕ್ಷೆಗೆ ಕರೆಯಬಹುದು. ಈ ಗುಂಪಿನ ಮಾತ್ರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಆ ಭಯವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕಣ್ಣ ಮುಂದೆ ನಿಂತದ್ದು ಹಳದಿ ಕೋಟು.

ಐದೂ ಇಪ್ಪತ್ತಕ್ಕೆ ಅಪ್ಪ ಕೊಡೆ ಹಿಡಿದು ಬಂದರು.

"ಬಿದ್ಯಾ?"

"ಇಲ್ಲ."

"ಯಾರಿಗಾದ್ರೂ ತಾಗ್ಸಿದ್ಯಾ?"

"ಗೊತ್ತಿಲ್ಲ ಅಪ್ಪ."

ಅವರು ಮತ್ತೆ ಏನೂ ಕೇಳದೆ ಸ್ಕೂಟರಿನ ಬಳಿ ಹೋದರು. ಬಗ್ಗಿ, ಮಡ್‌ಗಾರ್ಡಿನ ಮೇಲೆ ಅಂಗೈ ಸವರಿದರು. ಹಿಂದೆ, ಮುಂದೆ, ಕಾಲಿಡುವ ಜಾಗದ ಅಡಿಗೆ. ಎದ್ದು ಕೈಯನ್ನು ನೋಡಿಕೊಂಡರು. ಕೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ನಾನು ತುಂಡು ಪಟ್ಟಿಯನ್ನು ತೋರಿಸಿದೆ.

"ಇದು ನಿನ್ನ ಕೈಗೆ ಹೆಂಗೆ ಬಂತು?"

"ಅಲರ್ಜಿ ಕವರಲ್ಲಿತ್ತು."

ಬಟ್ಟೆ ಅಂಗಡಿಯ ಹುಡುಗಿಯರು ಹೊರಗೆ ತೂಗುಹಾಕಿದ್ದ ನೈಟಿಗಳನ್ನು ಮಳೆಗೆ ಹೆದರಿ ಒಳಗೆಳೆಯುತ್ತಿದ್ದರು. ಅಪ್ಪ ಅದನ್ನೇ ನೋಡುತ್ತ ಮಾತಾಡಿದರು. ಏಪ್ರಿಲಿನಿಂದ ಫೌಂಡ್ರಿಯಲ್ಲಿ ವಾರಕ್ಕೊಂದು ಪಾಳಿ ಬದಲಿಸುತ್ತಿದ್ದಾರೆ. ಹಗಲು ನಿದ್ದೆ ಬಾರದೆ ಶಿವಮೊಗ್ಗದ ಡಾಕ್ಟರಿಗೆ ತೋರಿಸಿದ್ದರು. ಮೂರನೇ ಪಾಳಿಯ ವಾರ ಮಾತ್ರ, ಬೆಳಗ್ಗೆ ಮನೆಗೆ ಬಂದ ಮೇಲೆ ಅರ್ಧ ಮಾತ್ರೆ.

"ನಿದ್ದೆ ಮಾತ್ರೆ ಅಂದ್ರೆ ನಿಮ್ಮಮ್ಮ ಏನೇನೋ ತಿಳ್ಕೊಳ್ತಾಳೆ. ಎದುರುಮನೆಗೆ ಗೊತ್ತಾದ್ರೆ ಬೀದಿಗೆಲ್ಲ ಗೊತ್ತು, ತಲೆ ಕೆಟ್ಟಿದೆ ಅಂತಾರೆ. ಅದಕ್ಕೇ ಹೆಸರು ಕತ್ತರಿಸಿ ಅಲರ್ಜಿ ಕವರಿಗೆ ಹಾಕ್ತಿದ್ದೆ. ಆ ಕವರು ನಾನೊಬ್ಬನೇ ಮುಟ್ಟೋದು ಅಂದ್ಕೊಂಡಿದ್ದೆ." ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಮಾತ್ರೆ ಕಮ್ಮಿ ಆಗ್ತಿತ್ತು ಮಗಾ. ನಾನೇ ತಗೊಂಡು ಮರೀತಿದೀನಿ ಅಂದ್ಕೊಂಡೆ. ಎರಡು ತಿಂಗಳಿಂದ ಅದೇ ಹೆದರಿಕೆ. ಕ್ರೇನ್ ಮೇಲೆ ಕೂತು ಹೋದ ವಾರ ಏನ್ ಮಾಡ್ದೆ, ಮೊನ್ನೆ ಏನ್ ಮಾಡ್ದೆ ಅಂತ ಬಾಯಿಪಾಠ ಒಪ್ಪಿಸ್ಕೊಳ್ತಿದ್ದೆ."

ಆ ತುಂಡು ಪಟ್ಟಿಯನ್ನು ಅವರ ಕೈಗೆ ಕೊಟ್ಟೆ.

ಕಂಪನಿಗೆ ಫೋನ್ ಮಾಡಬೇಕು ಎಂದೆ. ಅಪ್ಪ ತಟ್ಟನೆ ತಿರುಗಿದರು. "ಜ್ವರ ಅಂತ ಹೇಳ್ಬಿಡು. ಈ ವಿಷ್ಯ ಯಾಕೆ? ಮಾತ್ರೆ ನಂದು, ತಪ್ಪು ನಂದು. ನಿನ್ನ ಕೆಲ್ಸ ಹೋಗ್ಬಾರ್ದು."

ಜ್ವರ ಎಂದು ಹೇಳುವುದನ್ನು ಸ್ಟೂಲಿನ ಮೇಲೆ ಕೂತು ನಾನೂ ಮೂರು ರೀತಿಯಲ್ಲಿ ಅಭ್ಯಾಸ ಮಾಡಿದ್ದೆ. ಅದನ್ನು ಅವರ ಬಾಯಲ್ಲಿ ಕೇಳಿದಾಗ ಬೇರೆ ಥರ ಕೇಳಿಸಿತು. ಬಾಗಿಲಿನ ಕಥೆ ಹೇಳಿದೆ. ಹಿಡಿ, ಜಾರುಬಂಡೆ, ಏಣಿಯ ಮೇಲೆ ನಿಂತವನು. ಯಾರಿಗೂ ಅದುವರೆಗೆ ಹೇಳಿರಲಿಲ್ಲ. ಅಪ್ಪ ನಡುವೆ ಒಂದೇ ಪ್ರಶ್ನೆ ಕೇಳಿದರು: "ಬಡಿದಿದ್ರೆ ಅವನು ಎಷ್ಟೆತ್ತರದಿಂದ ಬೀಳ್ತಿದ್ದ?" ನಾನು ಹೇಳಿದೆ.

"ನಮ್ಮಲ್ಲಿ ಕ್ರೇನ್ ಹತ್ತೋಕೆ ಮುಂಚೆ ಮೇಸ್ತ್ರಿ ಬಂದು ಮುಖ ನೋಡ್ತಾನೆ. ಬಾಯಿ ಮೂಸ್ತಾನೆ, ಕಣ್ಣು ನೋಡ್ತಾನೆ, ಒಂದು ಕೆಟ್ಟ ಜೋಕ್ ಹೇಳ್ತಾನೆ, ನಕ್ರೆ ಹತ್ತಿಸ್ತಾನೆ. ನಿಮ್ಮಲ್ಲಿ?"

"ಬಾಯಿಗೆ ಮೆಷಿನ್ ಹಿಡೀತಾರೆ, ಕುಡಿದಿದ್ರೆ ಗೊತ್ತಾಗುತ್ತೆ. ಮಾತ್ರೆಗೆ ಮೊಬೈಲಲ್ಲಿ ಒಂದು ಟಿಕ್ ಅಪ್ಪ. ನಾವೇ ಹಾಕ್ಬೇಕು."

ಅವರು ಅಂಗಿಯ ಜೇಬಿನಿಂದ ಫೌಂಡ್ರಿಯ ಗುರುತಿನ ಚೀಟಿ ತೆಗೆದು, ಅದರ ಹಿಂದೆ ನಾಲ್ಕು ಮಡಿಕೆಯಾಗಿ ಇಟ್ಟಿದ್ದ ಡಾಕ್ಟರ ಚೀಟಿಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. "ಇದ್ರಲ್ಲಿ ಹೆಂಗಿದೆಯೋ ಹಂಗೇ ಓದು. ಎಷ್ಟು ಮಿಲಿಗ್ರಾಂ ಅಂತಾನೂ ಹೇಳು."

ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ನಿಂತು ಕಂಪನಿಯ ಡಾಕ್ಟರಿಗೆ ಫೋನ್ ಮಾಡಿದೆ. ಹೆಂಗಸು, ನಿಧಾನದ ದನಿ. ಹೆಸರು, ಪ್ರಮಾಣ, ಎಷ್ಟು ಗಂಟೆಗೆ ಎಂದು ಕೇಳಿದರು. ಓದಿ ಹೇಳಿದೆ. ಯಾರ ಚೀಟಿ ಎಂದರು. ಅಪ್ಪನದ್ದು ಎಂದೆ. ಇದಕ್ಕೂ ಮೊದಲು ತೆಗೆದುಕೊಂಡಿದ್ದೀರಾ? ನೋಟ್‌ಬುಕ್ ತೆರೆದೇ ಇತ್ತು. ಹದಿನೇಳು ದಿನ ಎಂದೆ, ಅದರಲ್ಲಿ ಎಷ್ಟು ಈ ಮಾತ್ರೆ ಎಂದು ನನಗೆ ಗೊತ್ತಿಲ್ಲ, ಮೇ 22ರಂದು ಬಾಗಿಲಿನ ಹತ್ತಿರ ಒಂದು ತಪ್ಪಾಯಿತು ಎಂದೆ. ಆ ಕಡೆಯಿಂದ ಟೈಪ್ ಮಾಡುವ ಸದ್ದು ನಿಂತಿತು. ಕೊನೆಗೆ ಅವರು, ನಾಳೆ ನೀವು ಹಾರುವುದಿಲ್ಲ, ಬೇರೆಯವರನ್ನು ಹಾಕಿಸುತ್ತೇನೆ, ನಾಳಿದ್ದು ಬಂದು ನನ್ನನ್ನು ನೋಡಿ, ಆ ನೋಟ್‌ಬುಕ್ ತನ್ನಿ ಎಂದರು. ಕೆಲಸದ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ವಾಪಸ್ಸು ಬರುವಾಗ ಅಪ್ಪ ಗಾಡಿ ಓಡಿಸಿದರು, ನಾನು ಹಿಂದೆ. ವಿದ್ಯಾನಗರ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಸೊಪ್ಪಿನವರು ಕಂಡಲ್ಲೆಲ್ಲ ನಿಲ್ಲಿಸಿದರು. ಮೂರನೆಯ ಕಡೆ, ಪ್ಲಾಸ್ಟಿಕ್ ಹೊದ್ದು ಕೂತಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿ ಎದ್ದೇ ನಿಂತಳು.

"ಅಯ್ಯೋ ಅಕ್ಕಾ, ನೀವೇ ಅಲ್ವಾ! ಚಿಲ್ರೆ ತಗೊಳ್ದೆ ಹೊರಟೇಬಿಟ್ರಿ. ಎಷ್ಟು ಕೂಗ್ದೆ! ತಿರುಗ್ಲೇ ಇಲ್ಲ."

"ಗಾಡಿ ಸರಿಯಾಗಿ ಓಡಿಸ್ತಿದ್ರಾ ಇವ್ರು?" ಅಪ್ಪ ಕೇಳಿದರು.

"ಗಾಡಿ ಸರಿಯಾಗೇ ಹೋಯ್ತು. ಕಣ್ಣೂ ಬಿಟ್ಕೊಂಡೇ ಇದ್ರು. ಆದ್ರೆ ನನ್ನ ನೋಡ್ತಾ ಇರ್ಲಿಲ್ಲ ಅಣ್ಣ. ನಂಗೇ ಒಂಥರಾ ಭಯ ಆಯ್ತು."

ಮನೆಯಲ್ಲಿ ಅಮ್ಮ ಡಬ್ಬವನ್ನು ಪೇಪರಿನ ಮೇಲೆ ಸುರಿದು, ಎಲ್ಲ ತುಂಡುಗಳನ್ನೂ ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಕೈಯಾರೆ ಕೊಟ್ನಲ್ಲೇ" ಎಂದು ನಾಲ್ಕು ಸಲ ಹೇಳಿದಳು. ಅಪ್ಪನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಿಂಡಿ ಬಡಿಸುತ್ತಾ ಕೇಳಿದಳಂತೆ: "ಮೂವತ್ತು ವರ್ಷದಿಂದ ಪಕ್ಕದಲ್ಲೇ ಮಲಗ್ತೀನಿ. ನಿದ್ದೆ ಬರಲ್ಲ ಅಂತ ನಂಗೆ ಹೇಳೋಕೆ ಏನಾಗಿತ್ತು ನಿಮ್ಗೆ?"

ಆ ಹೊತ್ತಿಗೆ ನಾನು ಬೆಂಗಳೂರಿನಲ್ಲಿದ್ದೆ. ಡಾಕ್ಟರು ಪರೀಕ್ಷೆ ಮಾಡಿಸಿದರು, ನೋಟ್‌ಬುಕ್ಕಿನ ಒಂದೊಂದು ಹಾಳೆಯ ಫೋಟೋ ತೆಗೆದರು. ಬೈಯಲಿಲ್ಲ. ಈ ಮಾತ್ರೆ ನಿದ್ದೆ ಕೊಟ್ಟ ಹಾಗೆ ಕಾಣುತ್ತದೆ, ಎದ್ದ ಮೇಲೂ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ, ಸರಿಯಿದ್ದೇನೆ ಎಂದು ನಿಮಗೆ ಅನಿಸುತ್ತದೆ, ಆ ಅನಿಸಿಕೆಯನ್ನೇ ನಂಬಬಾರದು ಎಂದರು. ನಿದ್ದೆ ಬಾರದಿದ್ದರೆ ಮೊದಲು ನನ್ನ ಹತ್ತಿರ ಬರಬೇಕಿತ್ತು, ಡ್ಯೂಟಿಯ ರೋಸ್ಟರ್ ಬದಲಿಸಲು ನೋಡಬಹುದಿತ್ತು ಎಂದರು. ನೋಡುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಹೋಗಿ ಕೇಳಲಿಲ್ಲ ಎಂಬುದಷ್ಟೇ ಗೊತ್ತಿದೆ. ಮುಂದಿನ ಸೂಚನೆಯವರೆಗೆ ಹಾರುವಂತಿಲ್ಲ. ಜುಲೈ 14ಕ್ಕೆ ಮತ್ತೆ ಪರೀಕ್ಷೆ, ಅದಾದ ಮೇಲೆ ಮೂವರು ಕೂತು ತೀರ್ಮಾನಿಸುತ್ತಾರೆ.

ಇಂದು ಜುಲೈ 10. ಮತ್ತೆ ಭದ್ರಾವತಿಯಲ್ಲಿದ್ದೇನೆ. ಮಾತ್ರೆ ಬಿಟ್ಟು ಇಪ್ಪತ್ತೆರಡು ದಿನ. ಮೊದಲ ವಾರದ ಒಟ್ಟು ಇಪ್ಪತ್ತೊಂದು ಗಂಟೆ, ಎರಡನೇ ವಾರ ಇಪ್ಪತ್ತಾರು, ಮೂರನೇ ವಾರ ಮೂವತ್ತು. ಏರುತ್ತಿದೆ, ಆದರೆ ಅಂಕಿ ಏರಿದರೆ ನನಗೆ ಈಗ ಸಮಾಧಾನವಾಗುವುದಿಲ್ಲ, ಹೆದರಿಕೆಯಾಗುತ್ತದೆ. ಫೋನ್ ಸದ್ದಾದಾಗಲೆಲ್ಲ ಕಂಪನಿಯದ್ದೇ ಎಂದು ಓಡಿ ನೋಡುತ್ತೇನೆ. ಮೇ 22ರ ಸಹೋದ್ಯೋಗಿಯನ್ನೂ ವಿಚಾರಣೆಗೆ ಕರೆದಿದ್ದಾರೆ. ಅವಳು ನನ್ನ ಮೆಸೇಜುಗಳಿಗೆ ಉತ್ತರಿಸಿಲ್ಲ. ಡಬ್ಬದಲ್ಲಿ ಈಗ ಪೂರ್ತಿ ಪಟ್ಟಿಗಳೇ ಇವೆ. ಅಮ್ಮ ಅಂಗಡಿಯಲ್ಲಿ ಜಗಳವಾಡಿ ಹೆಸರಿರುವ ತುದಿ ಸಮೇತ ತರುತ್ತಾಳೆ. ಎದುರುಮನೆ ಅತ್ತೆ ಕಿಟಕಿಯಿಂದ ರಜೆ ಎಷ್ಟು ದಿನ ಎಂದು ಕೇಳುತ್ತಾರೆ, ಇನ್ನೂ ಇದೆ ಎನ್ನುತ್ತೇನೆ.

ಅಪ್ಪನಿಗೆ ಈ ವಾರ ಮತ್ತೆ ಮೂರನೇ ಪಾಳಿ. ಬೆಳಗ್ಗೆ ಬಂದು, ಸ್ನಾನ ಮಾಡಿ, ಅಮ್ಮನ ಎದುರೇ ಅರ್ಧ ಮಾತ್ರೆ ನುಂಗಿ ನನ್ನ ಕಡೆ ತಿರುಗಿದರು. "ನಂದೂ ಒಂದು ಸಾಲು ಬರಿ." ನೋಟ್‌ಬುಕ್ಕಿನಲ್ಲಿ ಈಗ ಏಳನೇ ಮನೆ ಇದೆ. ಅದರಲ್ಲಿ ಮಾತ್ರೆಯ ಹೆಸರನ್ನು ಪೂರ್ತಿಯಾಗಿ, ಮಿಲಿಗ್ರಾಂ ಸಹಿತ ಬರೆದೆ. ನನ್ನ ಸಾಲಿನಲ್ಲಿ ಆ ಮನೆಗೆ 'ಇಲ್ಲ' ಎಂದು ಬರೆದೆ.

ಅಮ್ಮ ಹಾಲಿನ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲು ಮಾಡಿದ್ದಾಳೆ. ಅಪ್ಪ ಚಾಪೆಯ ಮೇಲೆ, ನಾನು ದಿವಾನದ ಮೇಲೆ. ಹೊರಗೆ ಸೊಪ್ಪಿನ ಗಾಡಿಯವನು ಕೂಗಿಕೊಂಡು ಹೋದ. ಒಂಬತ್ತೂ ಇಪ್ಪತ್ತು.

"ಬಂತಾ ಮಗಾ?"

"ಇಲ್ಲ. ನಿಮ್ಗೆ?"

"ಬರ್ತಾ ಇದೆ ಅನ್ಸುತ್ತೆ." ಮಗ್ಗುಲು ಬದಲಿಸಿ ಮತ್ತೆ ಹೇಳಿದರು. "ಹದಿನಾಲ್ಕನೇ ತಾರೀಖು ನಂಗೆ ಎರಡನೇ ಪಾಳಿ. ರಜೆ ಹಾಕಿ ಜೊತೆಗೆ ಬರ್ತೀನಿ. ಹೊರಗೆ ಕೂತಿರ್ತೀನಿ."

ಬೇಡ ಎನ್ನಬೇಕೆಂದಿದ್ದವಳು ಹೂಂ ಎಂದೆ. ಅವರ ಉಸಿರು ನಿಧಾನವಾಗುವುದನ್ನು ಕೇಳುತ್ತ ಮಲಗಿದ್ದೆ.